ಪಾತಾಳಿಯ ಹನ್ನೆರಡನೇ ಕಾಲು

ನಮ್ಮಪ್ಪ ಮೂವತ್ತೆರಡು ವರ್ಷ ಊರಿನ ಬೀದಿಗಳನ್ನೆಲ್ಲ ಅಳೆದ ಅಂಚೆಯವರು. ಈಗ ಮೂರು ವರ್ಷದಿಂದ ಗೇಟು ದಾಟಿಲ್ಲ. ನಿವೃತ್ತಿಗೆ ಒಂದು ತಿಂಗಳಿರುವಾಗ ಯಾರದೋ ಮಹಡಿ ಮೆಟ್ಟಿಲಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮೂಳೆ ಕೂಡಿಕೊಂಡಿತು, ಕಾಲು ಮಾತ್ರ ಒಂದು ಬೆರಳಿನಷ್ಟು ಗಿಡ್ಡವಾಗಿ ಉಳಿಯಿತು. ನಡೆಯುವುದೇ ಇದಕ್ಕೆ ಔಷಧಿ ಎಂದರು ಡಾಕ್ಟರು. ಅಪ್ಪ ಜಪ್ಪಯ್ಯ ಅಂದರೂ ಹೊರಗೆ ಹೆಜ್ಜೆ ಇಡಲಿಲ್ಲ.

"ಬೀದಿಯವರೆಲ್ಲ ನನ್ನ ಕಾಲನ್ನೇ ನೋಡ್ತಾರೆ ಕಣಮ್ಮ," ಎನ್ನುವುದು ಅವರ ಒಂದೇ ಉತ್ತರ. ಮನೆಯೊಳಗೂ ಗೋಡೆಗೆ ಅಂಟಿಕೊಂಡೇ ಓಡಾಡುತ್ತಿದ್ದರು, ಹೋಗುವಾಗ ಈ ಗೋಡೆ, ಬರುವಾಗ ಎದುರಿನ ಗೋಡೆ. ನಾನು ಅವರಿಗೆ ಬೈದಿದ್ದೇನೆ, ಗೋಗರೆದಿದ್ದೇನೆ, ಒಂದು ಸಲ ಮಾತು ಬಿಟ್ಟೂ ನೋಡಿದ್ದೇನೆ. ಅದು ಮಧ್ಯಾಹ್ನದ ಊಟದವರೆಗೆ ನಡೆಯಿತು. ಒಂದೇ ಒಂದು ದಿನ ಅಪ್ಪ ಆ ಗೇಟು ದಾಟಿದರೆ ಸಾಕು ಎನ್ನುವುದು ನನ್ನ ಆಸೆಯಾಗಿತ್ತು.

ನನ್ನ ಕೆಲಸ ವಿಡಿಯೋ ಗೇಮಿನ ಪ್ರಾಣಿಗಳಿಗೆ ನಡಿಗೆ ಕೊಡುವುದು. ನಮ್ಮ ಹೊಸ ಗೇಮಿನಲ್ಲಿ ಆಡುವವರು ಸಮುದ್ರದೊಳಗೆ ಮುಳುಗುತ್ತಾ ಹೋಗುತ್ತಾರೆ. ಪ್ರತಿ ಹಂತ ಇಳಿದಂತೆ ಕಾಲ ಕೋಟಿಗಟ್ಟಲೆ ವರ್ಷ ಹಿಂದಕ್ಕೆ ಸರಿಯುತ್ತದೆ. ಎಲ್ಲಕ್ಕಿಂತ ಕೆಳಗೆ, ಆಡುವವರು ದಾಟಬೇಕಾದ ಗುಹೆಯ ಬಾಗಿಲ ಮುಂದೆ, ಮರಳಿನಲ್ಲಿ ಮೈ ಹುದುಗಿಸಿಕೊಂಡು ಕೂತಿರುವವಳೇ ಪಾತಾಳಿ. ಎಮ್ಮೆಯಷ್ಟು ಗಾತ್ರ, ಬೆನ್ನ ಮೇಲೆ ಹೆಂಚು ಜೋಡಿಸಿದ ಹಾಗೆ ಚಿಪ್ಪು, ಕಡ್ಡಿಯ ತುದಿಯಲ್ಲಿ ಕಣ್ಣು, ಮುಂದೆ ಎರಡು ಕೊಕ್ಕೆ, ದುಂಡನೆಯ ಬಾಯಿಯ ಸುತ್ತ ಹಲ್ಲು, ಕೆಳಗೆ ಹನ್ನೆರಡು ಕಾಲು. ನಮ್ಮ ಚಿತ್ರಕಾರ ಕಲ್ಲಿನಲ್ಲಿ ಅಚ್ಚಾಗಿ ಉಳಿದ ಹಳೆಯ ಕಡಲಜೀವಿಗಳನ್ನು ನೋಡಿ, ಒಂದರ ಕಣ್ಣು ಇನ್ನೊಂದರ ಬಾಯಿ ಸೇರಿಸಿ ಬರೆದದ್ದು. ಇಂಥದ್ದೊಂದು ನಿಜವಾಗಿ ಇತ್ತೇ ಎಂದು ಕೇಳಿದರೆ ಇರಲಿಲ್ಲ. ಇದರ ಚಿಕ್ಕಪ್ಪ ದೊಡ್ಡಪ್ಪಂದಿರು ಇದ್ದರು.

ಹಾಗಾಗಿ ನನಗೆ ಭಾರೀ ಧೈರ್ಯ. ಕುದುರೆಯನ್ನು ತಪ್ಪಾಗಿ ಓಡಿಸಿದರೆ ಯಾರು ಬೇಕಾದರೂ ಹಿಡಿಯುತ್ತಾರೆ. ಪಾತಾಳಿ ತಪ್ಪಾಗಿ ನಡೆದಳು ಎಂದು ಹೇಳಲು ಅವಳ ನಡಿಗೆಯನ್ನು ಕಂಡವರು ಯಾರಿದ್ದಾರೆ?

ನಮ್ಮ ವೃತ್ತಿಯಲ್ಲಿ ಮೊದಲು ನಾವೇ ಪ್ರಾಣಿಯಾಗಿ ನಟಿಸಿ ವಿಡಿಯೋ ಮಾಡಿಕೊಳ್ಳಬೇಕು, ಆಮೇಲೆ ಅದನ್ನು ನೋಡಿಕೊಂಡು ಒಂದೊಂದೇ ಹೆಜ್ಜೆ ತಿದ್ದಬೇಕು. ಒಮ್ಮೆ ಆಫೀಸಿನ ಓಣಿಯಲ್ಲಿ ನಾನು ಮೊಸಳೆಯಾಗಿ ತೆವಳುತ್ತಿದ್ದಾಗ ನೀರಿನ ಕ್ಯಾನು ತಂದವನು ಅದನ್ನು ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ್ದ. ಆದರೆ ಹನ್ನೆರಡು ಕಾಲನ್ನು ಒಬ್ಬಳೇ ಎಲ್ಲಿಂದ ತರಲಿ? ಒಬ್ಬರಿಗೆ ಕೈ ಕಾಲು ಸೇರಿ ನಾಲ್ಕು, ಮೂವರು ಅಂಬೆಗಾಲಿಟ್ಟರೆ ಲೆಕ್ಕ ಸರಿ. ಭಾನುವಾರ ಬೆಳಿಗ್ಗೆ ಹಜಾರದಲ್ಲಿ ಹಾಸಿಗೆಗಳನ್ನು ಸಾಲಾಗಿ ಹಾಸಿದೆ. ಮಹಡಿ ಮೇಲಿನ ಮನೆಯಿಂದ ಅಕ್ಕನನ್ನೂ ಭಾವನನ್ನೂ ಎಳೆದು ತಂದೆ. ಅಮ್ಮ, "ನನ್ನ ಕೈಲಾಗಲ್ಲ, ಬೇರೆ ಯಾರನ್ನಾದ್ರೂ ಹುಳ ಮಾಡ್ಕೋ," ಎಂದು ಅಡುಗೆಮನೆ ಸೇರಿದರು.

"ಮೇಲೆ ಚಾದರ ಹೊದಿಸ್ತೀಯಾ?" ಎಂದು ಕುರ್ಚಿಯಿಂದ ಅಪ್ಪ ಕೇಳಿದರು.

"ತಲೆ, ಬೆನ್ನು ಮುಚ್ಚೋ ಹಾಗೆ ಹೊದಿಸ್ತೀನಪ್ಪಾ."

"ಹಾಗಾದ್ರೆ ಕೊನೇಲಿ ನಾನು ಬರ್ತೀನಿ."

ಯಾವ ಕಾಲು ಯಾವುದೆಂದು ಗೊತ್ತಾಗಲಿ ಎಂದು ಹನ್ನೆರಡಕ್ಕೂ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿದೆ. ಮುಂದೆ ಹೊಟ್ಟೆ ಹೊತ್ತ ಭಾವ, ಮಧ್ಯೆ ಅಕ್ಕ, ಹಿಂದೆ ಅಪ್ಪ. ಮೊದಲ ಸಲ ಭಾವ ಥಟ್ಟನೆ ನಿಂತು ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಚಾದರದೊಳಗಿಂದ ಅಪ್ಪ ನಗುವುದು ಕೇಳಿಸಿತು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ, ನನಗೆ ತುಂಬಾ ಖುಷಿಯಾಯಿತು, ಬೇಕಿಲ್ಲದಿದ್ದರೂ ಒಂಬತ್ತು ಸಲ ನಡೆಸಿದೆ.

ಮೂರು ದಿನ ತಲೆ ಎತ್ತದೆ ಕೂತು ಪಾತಾಳಿಗೆ ಆ ನಡಿಗೆ ಕೊಟ್ಟೆ. ಬುಧವಾರ ಸಂಜೆ ಮುಖ್ಯಸ್ಥೆ ನೋಡಲು ಬಂದರು. ಆಫೀಸಿನಲ್ಲಿ ಅವರಿಗೆ ನಾವಿಟ್ಟ ಹೆಸರು ಭೂತಗನ್ನಡಿ.

"ಇದು ಯಾಕಮ್ಮ ಕುಂಟ್ತಿದೆ?" ಎಂದರು.

"ಯಾವುದು ಮೇಡಂ?"

"ಪಾತಾಳಿ."

"ಎಲ್ಲಿ ಕುಂಟ್ತಿದೆ? ಚೆನ್ನಾಗೇ ನಡೀತಿದೆಯಲ್ಲ."

ಕೋಣೆಯಲ್ಲಿದ್ದ ನಾಲ್ವರೂ ನನ್ನ ಮುಖ ನೋಡಿದರು. "ನೀನು ಬೇಕಂತಲೇ ಮಾಡಿದ್ದು ಅಂದ್ಕೊಂಡಿದ್ದೆ," ಎಂದ ಚಿತ್ರಕಾರ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂರು ದಿನ ಬೆನ್ನು ಮುರಿದುಕೊಂಡು ಮಾಡಿದ ಕೆಲಸ, ಐವತ್ತು ಕೋಟಿ ವರ್ಷದ ಹಿಂದೆ ಇವರೇನು ಅಲ್ಲಿ ಹೋಗಿ ನಿಂತು ನೋಡಿದ್ದರೇ ಎಂದು ಕೇಳಿಯೇಬಿಟ್ಟೆ. ಭೂತಗನ್ನಡಿ ಮೌಸ್ ಕೈಗೆ ತೆಗೆದುಕೊಂಡರು. ಪಾತಾಳಿಯ ನಡಿಗೆಯನ್ನು ನಿಧಾನ ಮಾಡಿ ಹಿಂದಿನ ಕಾಲಿನ ಮೇಲೆ ಬೆರಳಿಟ್ಟರು.

ಹನ್ನೊಂದು ಕಾಲು ಎತ್ತಿ ಇಡುತ್ತಿದ್ದವು. ಹನ್ನೆರಡನೆಯದು ಒಂದು ಗಳಿಗೆ ಹಿಂದೆ ಉಳಿದು, ಹೊರಗೆ ಸ್ವಲ್ಪ ಸುತ್ತಿಕೊಂಡು ಬಂದು, ತುದಿಯಿಂದ ಮರಳನ್ನು ಗೀರಿ ಊರುತ್ತಿತ್ತು. ಪಾತಾಳಿ ಹೋದ ದಾರಿಯುದ್ದಕ್ಕೂ ಮರಳಿನಲ್ಲಿ ಒಂದು ಗೆರೆ. ನಾಲ್ಕು ಸಲ ನೋಡಿದೆ. ಐದನೆಯ ಸಲ ಗುರುತು ಸಿಕ್ಕಿತು. ಬೆಳಿಗ್ಗೆ ಆರು ಗಂಟೆಗೆ ಕೋಣೆಯಿಂದ ಅಡುಗೆಮನೆಗೆ ಹೋಗುವ ಅಪ್ಪನ ಚಪ್ಪಲಿಯ ಸದ್ದು ಅದು. ಒಂದೊಂದು ಚಿತ್ರವನ್ನೂ ನನ್ನ ಕೈಯಾರೆ ತಿದ್ದಿದ್ದೆ. ಆದರೂ ಅದು ಸೊಟ್ಟ ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ನನ್ನ ಕಣ್ಣಿಗೆ ಕಾಲು ನಡೆಯುವುದೇ ಹಾಗೆ.

"ಶುಕ್ರವಾರ ಆಡಿ ನೋಡೋಕೆ ಇಪ್ಪತ್ತು ಜನ ಹೊರಗಿನವರು ಬರ್ತಾರೆ," ಎಂದರು ಭೂತಗನ್ನಡಿ. "ಅಷ್ಟರಲ್ಲಿ ನೆಟ್ಟಗೆ ಮಾಡು. ಮನೆಯವರನ್ನೂ ಕರ್ಕೊಂಡ್ ಬರಬಹುದು."

ನೆಟ್ಟಗೆ ಮಾಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಕುಂಟುವುದನ್ನೂ ಬೇರೆಯಾಗಿ ಉಳಿಸಿಕೊಂಡು ಮನೆಗೆ ಹೋದೆ.

ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನಗೆ ಬರುವುದಿಲ್ಲ. ಅಕ್ಕ, ಭಾವ ಕೆಳಗೇ ಇದ್ದರು. ಎಲ್ಲರ ಎದುರೇ ಹೇಳಿಬಿಟ್ಟೆ. ಅಪ್ಪ ಓದುತ್ತಿದ್ದ ಪೇಪರನ್ನು ಮಡಚಿಟ್ಟರು.

"ನನ್ನ ಕಾಲನ್ನ ಗೇಮಿಗೆ ಹಾಕಿ ಊರಿಗೆಲ್ಲ ತೋರಿಸ್ತೀಯಾ?"

"ಬೇಕಂತ ಹಾಕಿಲ್ಲಪ್ಪಾ. ನನಗೆ ಅದು ಕಾಣಲೇ ಇಲ್ಲ."

"ಸುಳ್ಳು ಹೇಳ್ಬೇಡ. ದಿನಾ ನಿಮ್ಮೆದುರಿಗೇ ಓಡಾಡ್ತೀನಿ. ನೀವೆಲ್ಲ ನೋಡಿಯೂ ನೋಡದ ಹಾಗೆ ಇರ್ತೀರಿ, ಅಷ್ಟೂ ಗೊತ್ತಾಗಲ್ವಾ ನನಗೆ?"

ಮೂರು ವರ್ಷದಿಂದ ಅವರ ಮನಸ್ಸಿನಲ್ಲಿದ್ದದ್ದು ಇದು. ಅಷ್ಟರಲ್ಲಿ ಅಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಏನು ಗಲಾಟೆ? ಯಾವ ಕಾಲು?"

"ನನ್ನ ಕಾಲು ಕಣೇ. ಮುರಿದಿದ್ದು."

"ಎಡಗಾಲಾ?"

ಅಪ್ಪ ಅಮ್ಮನನ್ನೇ ದಿಟ್ಟಿಸಿದರು. ಭಾವ ಸಹಾಯಕ್ಕೆ ಬಂದರು. "ಅಲ್ಲ ಅತ್ತೆ, ಬಲ..." ಎಂದು ಶುರುಮಾಡಿ, ಎದುರಿನ ಕುರ್ಚಿ ನೋಡಿ, ಗಾಳಿಯಲ್ಲಿ ಕೈ ತಿರುಗಿಸಿ, "ಅಂದ್ರೆ ಮಾವನ ಕಡೆಯಿಂದ ನೋಡಿದ್ರೆ ಎಡ," ಎಂದು ಮುಗಿಸಿದರು.

"ಬಲಗಾಲೇ," ಎಂದಳು ಅಕ್ಕ. "ಆಸ್ಪತ್ರೆಯಲ್ಲಿ ದಿಂಬು ಇಟ್ಟಿದ್ದೇ ನಾನು. ಕಿಟಕಿ ಕಡೆಯ ಕಾಲು."

"ಕಿಟಕಿ ಎಡಕ್ಕಿತ್ತು," ಎಂದರು ಅಮ್ಮ.

"ಸುಮ್ನಿರಿ ಎಲ್ಲ," ಎಂದು ಅಪ್ಪ ಕುರ್ಚಿಯ ತೋಳು ಬಡಿದರು. "ಮೂರು ವರ್ಷದಿಂದ ಬಲಗಾಲನ್ನ ಗೋಡೆ ಕಡೆಗೇ ಇಟ್ಕೊಂಡು ಓಡಾಡಿದ್ದೀನಿ. ಕೂತಾಗ ಕಾಣದೇ ಇರ್ಲಿ ಅಂತ ದಿಂಬು ಅಡ್ಡ ಇಡ್ತೀನಿ. ಒಬ್ಬರಿಗೂ ಗೊತ್ತಿಲ್ವಾ?"

"ಆ ದಿಂಬನ್ನ ಅಲ್ಲಿ ಇಡೋರು ನೀವಾ?" ಎಂದರು ಅಮ್ಮ. "ದಿನಾ ಎತ್ತಿ ಒಳಗಿಟ್ಟು ಸಾಕಾಗಿ ಹೋಗಿದೆ ನನಗೆ."

ಮೊದಲು ನಕ್ಕಿದ್ದು ಭಾವ. ಆಮೇಲೆ ಯಾರು ಯಾರನ್ನು ತಡೆಯುವುದು? ಅಪ್ಪ ನಗಲಿಲ್ಲ. ಎದ್ದು ನಿಂತರು, ಎರಡು ಗೋಡೆಯನ್ನೂ ಬಿಟ್ಟು ಹಜಾರದ ನಟ್ಟನಡುವೆ ಅಡುಗೆಮನೆಯವರೆಗೆ ನಡೆದು, ನೀರು ಕುಡಿದು, ಹಾಗೇ ವಾಪಸು ಬಂದರು. ನಾವೆಲ್ಲ ಮೊದಲ ಸಲ ನೋಡುವವರ ಹಾಗೆ ಆ ಕಾಲನ್ನೇ ನೋಡಿದೆವು.

"ಹೂಂ," ಎಂದರು ಅಮ್ಮ. "ಬಲಗಾಲೇ."

ಶುಕ್ರವಾರ ಬೆಳಿಗ್ಗೆ ನಾನು ಹೊರಡುವಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೂಟು ಉಜ್ಜಿಕೊಂಡು, ಗೇಟಿನ ಆಚೆ ನಿಂತಿದ್ದರು. ಆಚೆ. ನಾನು ಮುಖ ತಗ್ಗಿಸಿ ಬೀಗ ಹುಡುಕುವ ನಾಟಕ ಆಡಿದೆ.

"ಆ ಕಾಲನ್ನ ನಾನೂ ಒಂದ್ಸಲ ನೋಡ್ಬೇಕು," ಎಂದರು.

ದಾರಿಯಲ್ಲಿ ಇಬ್ಬರು ಅವರ ಕಾಲು ನೋಡಿದ್ದು ನಿಜ. ಅಪ್ಪನ ಹೆಜ್ಜೆ ಬಿಗಿಯಾಯಿತು, ನಿಲ್ಲಲಿಲ್ಲ. ಮೂರನೆಯವರು ಔಷಧಿ ಅಂಗಡಿಯ ಯಜಮಾನರು. ಅವರು ಅಪ್ಪನ ಮುಖ ನೋಡಿ, "ಪೋಸ್ಟಿನವರೇ, ಎಲ್ಲಿ ಮಾಯ ಆಗಿಬಿಟ್ರಿ?" ಎಂದರು. ಅಲ್ಲಿ ಹತ್ತು ನಿಮಿಷ ಹೋಯಿತು.

ಆಫೀಸು ಮುಟ್ಟಿದ ಕೂಡಲೇ ನಾನು ಯಾರನ್ನೂ ಕೇಳದೆ ಕುಂಟುವ ಪಾತಾಳಿಯನ್ನೇ ಗೇಮಿಗೆ ಹಾಕಿದೆ. ಭೂತಗನ್ನಡಿ ಬೈದರೆ ಬೈಯಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೆ. ಮೊದಲ ಮೇಜಿನಲ್ಲಿ ಆಡುತ್ತಿದ್ದವಳು ಯಾವುದೋ ಆಸ್ಪತ್ರೆಯ ನರ್ಸು. ಪಾತಾಳಿ ಅವಳನ್ನು ಐದು ಸಲ ನುಂಗಿದಳು. ಅಪ್ಪ ಅವಳ ಕುರ್ಚಿಯ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದರು. ನಾನು ಅಪ್ಪನನ್ನು ನೋಡುತ್ತಿದ್ದೆ. ನನ್ನ ಹಿಂದೆ ಭೂತಗನ್ನಡಿ ಬಂದು ನಿಂತದ್ದು ಗೊತ್ತಾದರೂ ತಿರುಗಿ ನೋಡಲಿಲ್ಲ.

"ಇದಕ್ಕೇನೋ ಆಗಿದೆ," ಎಂದಳು ನರ್ಸು. "ಯಾವುದೋ ಒಂದು ಕಾಲು ಸರಿಯಿಲ್ಲ."

"ಬಲಗಡೆ ಕೊನೇದು," ಎಂದರು ಅಪ್ಪ. "ಮೆಟ್ಟಿಲಿಂದ ಬಿದ್ದಿದ್ದು. ಅದು ನನ್ನ ಕಾಲು."

ಅವಳು ತಿರುಗಿ ಅವರ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಅಪ್ಪ ಕಾಲನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಅದರ ಬಲಗಡೆಯಿಂದ ಹೋಗಮ್ಮ. ಆ ಕಡೆ ತಿರುಗೋಕೆ ಅದಕ್ಕೆ ಸ್ವಲ್ಪ ಹೊತ್ತು ಬೇಕು, ನನಗೂ ಹಾಗೇ," ಎಂದರು.

ಅವಳು ಬಲಗಡೆಯಿಂದ ನುಗ್ಗಿದಳು. ಪಾತಾಳಿ ತಿರುಗುವಷ್ಟರಲ್ಲಿ ಅವಳು ಗುಹೆಯ ಬಾಗಿಲು ದಾಟಿದ್ದಳು. ಭೂತಗನ್ನಡಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. "ನೆಟ್ಟಗೆ ಮಾಡಿದ್ದು ಎಲ್ಲಿದೆ?" ಎಂದು ನನ್ನನ್ನು ಕೇಳಿದರು. ಇದೆ ಎಂದೆ. "ಅದನ್ನ ತೆಗೆದುಬಿಡು, ಇದೇ ಇರ್ಲಿ," ಎಂದರು.

ಮಧ್ಯಾಹ್ನದ ಹೊತ್ತಿಗೆ ಅಪ್ಪ ಎಲ್ಲ ಮೇಜುಗಳಿಗೂ ಹೋಗಿ ಬಲಗಡೆ, ಬಲಗಡೆ ಎಂದು ಹೇಳಿಕೊಡುತ್ತಿದ್ದರು. ಪಾತಾಳಿಗೆ ಒಬ್ಬರೂ ಸಿಗುತ್ತಿರಲಿಲ್ಲ, ನಮ್ಮ ಪರೀಕ್ಷೆ ಹಾಳಾಗುತ್ತಿತ್ತು. ಕೊನೆಗೆ ಭೂತಗನ್ನಡಿಯೇ ಒಂದು ಕುರ್ಚಿ ತಂದು ಗೋಡೆಯ ಪಕ್ಕ ಹಾಕಿ, "ಸ್ವಲ್ಪ ಕೂತ್ಕೊಳ್ಳಿ ಸರ್," ಎಂದು ಬೇಡಿಕೊಂಡರು.

"ಮೂರು ವರ್ಷ ಕೂತಿದ್ದೀನಮ್ಮ, ಸಾಕಾಗಿದೆ," ಎಂದು ಅಪ್ಪ ಪಕ್ಕದ ಮೇಜಿನ ಕಡೆಗೆ ಹೊರಟರು.