ಸಾವಿನ ಮನೆಗೆ ಬಂದ ಮಂತ್ರಿ

ಪೆರ್ಪೆತ್ ರೆಬೆಲ್ಲೊ ಹೊಲಿದ ಗೌನು ತೊಡದೆ ಮದುವೆಯಾದ ಹೆಣ್ಣು ನಮ್ಮೂರು ಖಾರ್ವಾಡೆಯಲ್ಲಿ ಸಿಗುವುದು ಕಷ್ಟ. ಸೊಂಟದ ಅಳತೆ ತೆಗೆಯುವಾಗ ಹುಡುಗಿಯರು ಉಸಿರು ಬಿಗಿಹಿಡಿದರೆ ಟೇಪಿನಿಂದಲೇ ಹೊಟ್ಟೆಗೆ ತಟ್ಟಿ, "ಬಿಡೇ ಉಸಿರು. ಇಗರ್ಜಿಯಲ್ಲಿ ಗುಂಡಿ ಹಾರಿ ಪಾದ್ರಿ ಕಣ್ಣಿಗೆ ಹೊಡೆದ್ರೆ ನನ್ನ ಕೇಳ್ಬೇಡ" ಅನ್ನುವಳು. ಯಾವ ಮನೆಗೇ ಆಗಲಿ ಹಿಂಬಾಗಿಲಿನಿಂದ ನುಗ್ಗಿ ಅಡುಗೆಮನೆಯಲ್ಲಿ ಕೂರುವ ಸಲಿಗೆ ಅವಳಿಗಿತ್ತು. ಬೊನಿಫಾಸ್ ತ್ರವಾಸ್ ಚುನಾವಣೆಗೆ ನಿಂತಾಗ ಎಲ್ಲರಿಗಿಂತ ಮೊದಲು ಅವಳ ಮನೆಗೆ ಬಂದದ್ದು ಅದಕ್ಕೇ.

ಬೊನಿಫಾಸ್ ಆಗ ಕೆಟ್ಟವನಾಗಿರಲಿಲ್ಲ. ಈಗ ಅವನ ಹೆಸರೆತ್ತಿದರೆ ಉಗುಳುವವರೂ ಇದನ್ನು ಒಪ್ಪುತ್ತಾರೆ. ಅವನು ವಕೀಲ. ಉಪ್ಪುನೀರಿನ ಹೊಳೆಯಂಚಿನ ನಮ್ಮ ಗಜನಿ ಗದ್ದೆಗಳಿಗೆ ಮಣ್ಣು ತುಂಬಿ ಹೊಟೇಲು ಕಟ್ಟಲು ಹೊರಟಿದ್ದ ಕಂಪನಿಯ ಮೇಲೆ ಊರ ಪರವಾಗಿ ದಾವೆ ಹೂಡಿ, ಫೀಸಿನ ಮಾತೆತ್ತದೆ ವಾದಿಸಿ ತಡೆಯಾಜ್ಞೆ ತಂದಿದ್ದ. ಆ ದಿನ ನಾವು ಬ್ಯಾಂಡಿನವರು ಅವನನ್ನು ಬಸ್ ಸ್ಟ್ಯಾಂಡಿನಿಂದಲೇ ನುಡಿಸುತ್ತಾ ಕರೆತಂದೆವು. ಕ್ಲಾರಿನೆಟ್ ನನ್ನದು. ನಮ್ಮ ಬ್ಯಾಂಡು ಮದುವೆಗೂ ಹೋಗುತ್ತದೆ, ಸಾವಿಗೂ ಹೋಗುತ್ತದೆ. ವಕೀಲನೊಬ್ಬನಿಗಾಗಿ ಬೀದಿಗಿಳಿದದ್ದು ಅದೇ ಮೊದಲು.

ಪೆರ್ಪೆತ್‌ಳ ತಂದೆ ಮಿಂಗೆಲ್ ಒಡ್ಡಿನ ಕಾವಲುಗಾರ. ಹೊಳೆಯಲ್ಲಿ ಉಪ್ಪುನೀರು ಏರುವಾಗ ತೂಬಿನ ಬಾಗಿಲು ಹಾಕುವುದು, ಇಳಿಯುವಾಗ ತೆಗೆಯುವುದು ಅವನ ಕೆಲಸ. ಅವನಿಗಿಂತ ಮೊದಲು ಅವನಪ್ಪ ಮಾಡುತ್ತಿದ್ದ. ಆ ಬಾಗಿಲು ಸರಿಯಿದ್ದರೆ ಊರಿಗೆ ಭತ್ತ, ಇಲ್ಲದಿದ್ದರೆ ಉಪ್ಪು. ದಾವೆ ಗೆದ್ದ ಸುದ್ದಿ ಕೇಳಿ ಮುದುಕ ಬೊನಿಫಾಸನ ಎರಡೂ ಕೈಗಳನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಿದ್ದ. ಮಾತು ಅವನಿಗೆ ಮೊದಲೇ ಕಡಿಮೆ.

ಚುನಾವಣೆಗೆ ಮುಂಚಿನ ದಿನಗಳಲ್ಲಿ ಪೆರ್ಪೆತ್ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಬೊನಿಫಾಸನ ಜೊತೆ ಮನೆಮನೆ ತಿರುಗಿದಳು. ಮೀನು ಮಾರುವ ಸಾಂತಾನ್ ಬಾಯಿ ಮಾತ್ರ ಬುಟ್ಟಿ ಇಳಿಸದೆ ಕೇಳಿದಳು:

"ಇವನೂ ಗೆದ್ಮೇಲೆ ಆ ಕಡೆ ಹಾರಲ್ಲ ಅಂತ ಏನೇ ಗ್ಯಾರಂಟಿ?"

"ಹಾರಿದ್ರೆ ನನ್ನ ಜುಟ್ಟು ಹಿಡ್ಕೊಂಡು ಕೇಳು."

"ನಿನ್ನ ಜುಟ್ಟು ಹಿಡ್ಕೊಂಡು ನಾನೇನು ಸಾರು ಮಾಡ್ಲಾ?"

ಬೊನಿಫಾಸ್ ನಕ್ಕ. ನಾವೂ ನಕ್ಕೆವು. ಅವನು ಗೆದ್ದ. ಗೆದ್ದ ಸಂಜೆ ಪೆರ್ಪೆತ್‌ಳ ಮನೆಯಲ್ಲಿ ನೆಲದ ಮೇಲೆ ಕೂತು ಅವಳು ಮಾಡಿದ ಏಡಿಯ ಸಾರು, ಕೆಂಪಕ್ಕಿ ಅನ್ನ ತಿಂದ. ಬೆರಳು ಚೀಪುತ್ತಾ, "ಇದು ನಿಮ್ಮ ಸೀಟು ಪೆರ್ಪೆತ್ ಬಾಯಿ, ನನ್ನದಲ್ಲ" ಅಂದ.

ಮುಂದಿನ ಚೌತಿಯ ಹೊತ್ತಿಗೆ ಹಾರಿದ. ಒಬ್ಬನೇ ಅಲ್ಲ, ಏಳೆಂಟು ಜನ ಒಟ್ಟಿಗೆ. ಯಾವುದೋ ಹೊಟೇಲಿನಲ್ಲಿ ಎರಡು ದಿನ ಬಾಗಿಲು ಹಾಕಿಕೊಂಡಿದ್ದು ಮೂರನೆಯ ದಿನ ಟೀವಿಯಲ್ಲಿ ಹೊಸ ಬಣ್ಣದ ಶಾಲು ಹೊದ್ದು ಸಾಲಾಗಿ ನಿಂತರು. ಯಾವ ಸರಕಾರವನ್ನು ನಮ್ಮೆದುರು ಕಳ್ಳರ ಸಂತೆ ಅಂದಿದ್ದನೋ ಅದೇ ಸರಕಾರದಲ್ಲಿ ಅವನು ಮಂತ್ರಿಯಾದ. ಖಾತೆ ಯಾವುದೆಂದು ಕೇಳಿ ಸಾಂತಾನ್ ಬಾಯಿ ಬುಟ್ಟಿ ಇಳಿಸಿ ನಕ್ಕಳು. ಎಲ್ಲಿ ಗದ್ದೆ ಇರಬೇಕು, ಎಲ್ಲಿ ಮನೆ ಕಟ್ಟಬಹುದು ಅಂತ ನಕ್ಷೆ ಬರೆಯುವ ಖಾತೆ.

ಪೆರ್ಪೆತ್ ರಾಜಧಾನಿಗೆ ಹೋದಳು. ನಾನೂ ಜೊತೆಗಿದ್ದೆ. ಬೆಳಿಗ್ಗೆ ಕೂತವರನ್ನು ಊಟದ ಹೊತ್ತು ಕಳೆದ ಮೇಲೆ ಒಳಗೆ ಬಿಟ್ಟರು. ಅವನ ಕೋಣೆ ತಣ್ಣಗಿತ್ತು. ಎದ್ದು ನಿಲ್ಲಲಿಲ್ಲ, ಆದರೆ ಮುಖದ ತುಂಬ ನಗು.

"ಪೆರ್ಪೆತ್ ಬಾಯಿ! ಫೋನ್ ಮಾಡಿದ್ರೆ ಕಾರು ಕಳಿಸ್ತಿದ್ದೆ."

"ಫೋನ್ ಎತ್ತೋರು ಯಾರು ಬೊನಿ ಬಾಬ್?"

"ನೋಡಿ, ವಿರೋಧ ಪಕ್ಷದಲ್ಲಿ ಕೂತ್ರೆ ಒಂದು ಬೀದಿದೀಪ ಹಾಕ್ಸೋಕಾಗಲ್ಲ. ಊರು ಉದ್ಧಾರ ಆಗ್ಲಿ ಅಂತಾನೇ ಈ ಕಡೆ ಬಂದೆ."

"ನಮ್ಮೂರಲ್ಲಿ ಬೀದಿದೀಪ ಕೇಳಿದ್ಯಾರು? ಗದ್ದೆ ಉಳಿಸಿ ಅಂದ್ವಿ."

"ಗದ್ದೆಗೇನಾಗಿದೆ? ನಾನಿದೀನಲ್ಲ."

"ಅದೇ ಭಯ ಈಗ" ಅಂದು ಪೆರ್ಪೆತ್ ಎದ್ದಳು. ಅವನು ಗಂಟೆ ಒತ್ತಿ ನಮಗೆ ಚಹಾ ತರಲು ಹೇಳುತ್ತಿದ್ದ. ಚಹಾ ಬರುವ ಮೊದಲೇ ಮೆಟ್ಟಿಲಿಳಿದೆವು. ಬಸ್ಸಿನಲ್ಲಿ ಅವಳು ಒಂದೇ ಮಾತಾಡಿದ್ದು: "ನನ್ನ ಮುಖ ನೋಡಿ ವೋಟು ಹಾಕಿದ್ರಲ್ಲೋ ಜುಜೆ."

ಮುಂದಿನ ಮಳೆಗಾಲದಲ್ಲಿ ಒಡ್ಡು ಒಡೆಯಿತು. ತಾನಾಗಿ ಒಡೆಯಿತೋ, ಯಾರಾದರೂ ಒಡೆದರೋ, ನೋಡಿದವರಿಲ್ಲ. ರಿಪೇರಿ ಮಾಡಿಸಿ ಎಂದು ಅರ್ಜಿ ಕೊಟ್ಟರೆ ಈ ಇಲಾಖೆ ಆ ಇಲಾಖೆಯನ್ನು ತೋರಿಸಿತು, ಆ ಇಲಾಖೆ ಮಂತ್ರಿಗಳನ್ನು ತೋರಿಸಿತು. ಮಂತ್ರಿಗಳು ವಿದೇಶ ಪ್ರವಾಸದಲ್ಲಿದ್ದರು. ಎರಡು ಬೆಳೆ ಹೋಯಿತು. ಗದ್ದೆಯ ಮೇಲೆ ಉಪ್ಪು ಬೆಳ್ಳಗೆ ಕೂತಿತು. ಇದು ಬೇಸಾಯಕ್ಕೆ ಬಾರದ ಜಾಗವೆಂದು ಆಮೇಲೆ ಸರಕಾರವೇ ತೀರ್ಮಾನಿಸಿ ನಕ್ಷೆಯಲ್ಲಿ ಬಣ್ಣ ಬದಲಿಸಿತು. ತಡೆಯಾಜ್ಞೆ ಇದ್ದದ್ದು ಗದ್ದೆಯ ಮೇಲೆ. ಈಗ ಅದು ಗದ್ದೆಯೇ ಅಲ್ಲ. ಹೀಗೆ ಮಾಡಬಹುದೆಂಬುದು ಕಾನೂನು ಓದಿದವನಿಗಲ್ಲದೆ ಬೇರೆ ಯಾರಿಗೆ ಹೊಳೆದೀತು? ಕೆಂಪು ಮಣ್ಣು ಹೊತ್ತ ಲಾರಿಗಳು ಬರತೊಡಗಿದವು.

ಜನರ ಸಿಟ್ಟು ಮಂತ್ರಿಯವರೆಗೆ ಮುಟ್ಟಲಿಲ್ಲ, ಪೆರ್ಪೆತ್‌ಳ ಬಾಗಿಲಿಗೇ ನಿಂತಿತು. ಅಳತೆ ಕೊಡಲು ಬಂದವರೂ, "ಏನಂತಾರೆ ನಿಮ್ಮ ಬೊನಿ ಬಾಬ್?" ಅಂತ ಚುಚ್ಚಿಯೇ ಹೋಗುತ್ತಿದ್ದರು. ಸಾಂತಾನ್ ಬಾಯಿ ಅವಳ ಮನೆಯೆದುರು ಮೀನು ಕೂಗುವುದನ್ನೇ ನಿಲ್ಲಿಸಿದಳು. ಪೆರ್ಪೆತ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಂತ್ರ ತುಳಿಯುತ್ತಿದ್ದಳು.

ಮಿಂಗೆಲ್ ಮಾತ್ರ ದಿನವೂ ಒಡ್ಡಿಗೆ ಹೋಗುತ್ತಿದ್ದ. ಬಾಗಿಲಿನ ಪಕ್ಕದಲ್ಲೇ ಆಳೆತ್ತರದ ಕಿಂಡಿ ಬಿದ್ದು ನೀರು ಬೇಕಾದಂತೆ ಹರಿದಾಡುತ್ತಿದ್ದರೂ ಇವನು ಹಲಗೆ ಇಳಿಸುವುದು, ಎತ್ತುವುದು ಬಿಡಲಿಲ್ಲ. ಒಂದು ದಿನ ಕಂಪನಿಯ ಕಾವಲಿನವರು ತಂತಿಬೇಲಿ ಹಾಕಿ, "ಅಜ್ಜ, ಇನ್ನು ಈ ಕಡೆ ಬರ್ಬೇಡ" ಅಂದರು. ಮುದುಕ ವಾಪಸು ಬಂದು ಜಗಲಿಯಲ್ಲಿ ಕೂತ. ದೊಡ್ಡ ಕಾಯಿಲೆ ಏನೂ ಇರಲಿಲ್ಲ.

"ಪಾಯ್, ಗಂಜಿ ಆರ್ತಾ ಇದೆ" ಅಂತ ಮಗಳು ಕರೆದರೆ, "ರಿಪೇರಿಗೆ ಬಂದ್ರಾ?" ಅಂತ ಕೇಳುವನು. ಬೇಸಗೆ ಮುಗಿಯುವ ಮೊದಲೇ ತೀರಿಕೊಂಡ.

ನಮ್ಮ ಸೀಮೆಯಲ್ಲಿ ಶಾಸಕನಾದವನು ವಿಧಾನಸಭೆಗೆ ತಪ್ಪಿಸಿಕೊಂಡರೂ ಸಾವಿಗೆ ತಪ್ಪಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದರೆ ಪೇಪರಿನಲ್ಲಿ ಸತ್ತವರ ಪುಟ ನೋಡುತ್ತಾನೆ, ಅವರು ಯಾವ ಬೂತಿಗೆ ಸೇರಿದವರೆಂದು ಲೆಕ್ಕ ಹಾಕಿ ಹೂಮಾಲೆ ಹಿಡಿದು ಹೊರಡುತ್ತಾನೆ. ಶವಪೆಟ್ಟಿಗೆಗೆ ನಾಲ್ಕು ಹೆಜ್ಜೆ ಹೆಗಲು ಕೊಟ್ಟರೆ ಆ ಮನೆಯ ವೋಟು ಎಲ್ಲೂ ಹೋಗುವುದಿಲ್ಲ ಎಂಬ ನಂಬಿಕೆ. ನಂಬಿಕೆ ಸುಳ್ಳೂ ಅಲ್ಲ. ಮಂತ್ರಿ ಬಂದಿದ್ದರು ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗುವವರು ನಾವೇ.

ಮಿಂಗೆಲ್‌ನ ಪೆಟ್ಟಿಗೆ ಮನೆಯ ನಡುಕೋಣೆಯಲ್ಲಿತ್ತು. ಹೆಂಗಸರು ಜಪಸರ ಮುಗಿಸಿದ್ದರು. ಫಾದರ್ ಪೊಂಪೆಯು ಪ್ರಾರ್ಥನೆಗೆ ಪುಸ್ತಕ ತೆರೆಯುತ್ತಿದ್ದರು. ನಾವು ಬ್ಯಾಂಡಿನವರು ಅಂಗಳದ ಮಾವಿನ ಮರದಡಿ ನಿಂತಿದ್ದೆವು. ಆಗ ಎರಡು ಕಾರು ಬಂದವು. ಮೊದಲು ಪೊಲೀಸರು ಇಳಿದರು, ಆಮೇಲೆ ಕ್ಯಾಮೆರಾದವನು, ಆಮೇಲೆ ಬಿಳಿ ಅಂಗಿಯ ಬೊನಿಫಾಸ್. ಅವನ ಹೆಸರು ಹೊಳೆಯುವ ಅಕ್ಷರದಲ್ಲಿ ಅಂಟಿಸಿದ್ದ ಹೂಚಕ್ರವನ್ನು ಇಬ್ಬರು ಹಿಡಿದುಕೊಂಡಿದ್ದರು. ಸತ್ತವನ ಹೆಸರಿಗಿಂತ ಅವನದೇ ದೊಡ್ಡದಾಗಿತ್ತು.

ಜನ ಅಭ್ಯಾಸಬಲದಿಂದ ದಾರಿ ಬಿಟ್ಟರು. ನಾನೂ ಒಂದು ಹೆಜ್ಜೆ ಸರಿದೆ. ಅವನು ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಪೆರ್ಪೆತ್ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತಳು. ಕಪ್ಪು ಬಟ್ಟೆ, ಒಣಗಿದ ಕಣ್ಣು. ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಕೊಟ್ಟಳು.

"ನೀನು ಒಳಗೆ ಬರೋ ಹಾಗಿಲ್ಲ."

ಅವನಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಕಾಣುತ್ತದೆ. ತಲೆ ಬಾಗಿಸಿ, "ದುಃಖ ದೊಡ್ಡದು ಬಾಯಿ" ಅಂದ.

"ಒಳಗೆ ಬರೋ ಹಾಗಿಲ್ಲ ಅಂದೆ."

"ಬಾಯಿ, ಇವತ್ತು ರಾಜಕೀಯ ಬೇಡ. ಮಿಂಗೆಲ್ ಅಂಕಲ್‌ಗೆ ಒಂದು ಹಿಡಿ ಮಣ್ಣು ಹಾಕಿ ಹೋಗ್ತೀನಿ."

"ಅವನ ಗದ್ದೆ ಮೇಲೆ ಲಾರಿಗಟ್ಟಲೆ ಹಾಕಿದ್ಯಲ್ಲ, ಅದು ಸಾಲ್ಲಿಲ್ವಾ? ಇನ್ನೊಂದು ಹಿಡಿ ಉಳ್ದಿದ್ಯಾ?"

ಅಂಗಳದಲ್ಲಿ ಯಾರೋ ಸಣ್ಣಗೆ ಕೆಮ್ಮಿದರು. ಫಾದರ್ ಪೊಂಪೆಯು ಹಿಂದಿನಿಂದ ಬಂದು ಅವಳ ಭುಜ ಮುಟ್ಟಿದರು. "ಪೆರ್ಪೆತ್, ಇದು ಸಾವಿನ ಮನೆ, ಮಗಳೇ. ಬಂದೋರನ್ನ ತಡೀಬಾರ್ದು."

"ಬಂದೋರನ್ನ ತಡೀತಿಲ್ಲ ಫಾದರ್. ಕೊಂದೋರನ್ನ ತಡೀತಿದೀನಿ."

ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ಬೊನಿಫಾಸನ ಕಿವಿ ಕೆಂಪಾಯಿತು. ದನಿ ತಗ್ಗಿಸಿ, ಅವಳಿಗೊಬ್ಬಳಿಗೇ ಕೇಳಲೆಂದು ಹೇಳಿದ್ದು ಮುಂದಿದ್ದ ನಮಗೆಲ್ಲ ಕೇಳಿಸಿತು: "ನನ್ನ ಹತ್ರ ಹೀಗೆಲ್ಲ ಮಾತಾಡಿ ಆಮೇಲೆ ಕಷ್ಟ ಪಡ್ಬೇಡ. ನಾಳೆ ನಿಂಗೂ ನನ್ನ ಹತ್ರ ಕೆಲಸ ಬೀಳತ್ತೆ."

"ಬೀಳ್ಲಿ. ಈ ಮನೇಲಿ ಕೂತು ಉಂಡಿದ್ದೀಯ, ನೆನಪಿದ್ಯಾ? ಆ ಅನ್ನದ ಭತ್ತ ಬೆಳೆದಿದ್ದು ಆ ಗದ್ದೇಲೇ. ನಾಯಿಗೆ ಹಾಕಿದ್ರೂ ಬಾಲ ಅಲ್ಲಾಡಿಸ್ತಿತ್ತು."

ಅವನು ನಮ್ಮ ಕಡೆ ತಿರುಗಿದ. "ಏನ್ರಪ್ಪಾ, ಇದೇನಾ ನಿಮ್ಮೂರ ಮರ್ಯಾದೆ? ಯಾರಾದ್ರೂ ಸ್ವಲ್ಪ ಬುದ್ಧಿ ಹೇಳಿ ಇವಳಿಗೆ." ಅಂಗಳದ ತುಂಬ ಜನ. ಅವನಿಂದ ಮಗನಿಗೆ ಕೆಲಸ ಮಾಡಿಸಿಕೊಂಡವರಿದ್ದರು, ಅವನು ಬಂದು ಕೇಕ್ ಕತ್ತರಿಸಿದ ಮದುವೆಯ ಬೀಗರಿದ್ದರು. ಮುಂದೆ ಬಂದದ್ದು ಸಾಂತಾನ್ ಬಾಯಿ ಒಬ್ಬಳೇ. ಇವಳಾದರೂ ತನ್ನ ಪರ ಎಂದು ಅವನಿಗೆ ಅನ್ನಿಸಿರಬೇಕು, ಮುಖ ಸಡಿಲವಾಯಿತು. ಅವಳು ಹೂಚಕ್ರವನ್ನು ಆ ಇಬ್ಬರ ಕೈಯಿಂದ ಕಸಿದುಕೊಂಡು ಹೋಗಿ ಅವನ ಕಾರಿನ ಬಾನೆಟ್ಟಿನ ಮೇಲೆ ನೇರವಾಗಿ ನಿಲ್ಲಿಸಿ ಶಿಲುಬೆಯ ಗುರುತು ಮಾಡಿದಳು.

ಮೊದಲು ನಕ್ಕವರು ಯಾರೆಂದು ಗೊತ್ತಿಲ್ಲ. ಸಾವಿನ ಮನೆಯಲ್ಲಿ ಹಾಗೆ ನಗಬಾರದು. ಆದರೆ ಅಂಗಳವಿಡೀ ನಕ್ಕಿತು, ಕೆಟ್ಟ ನಗು, ಹಲ್ಲು ಕಚ್ಚಿಕೊಂಡ ನಗು. ಬೊನಿಫಾಸ್ ಹೋಗಿ ಕಾರಿನಲ್ಲಿ ಕೂತ. ಪೊಲೀಸಿನವನೊಬ್ಬ ಹೂಚಕ್ರ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಎದೆಗವಚಿಕೊಂಡು ನಿಂತಿದ್ದ. ಕಾರು ತಿರುಗಿದ ಮೇಲೆ ಪೆರ್ಪೆತ್ ಚೌಕಟ್ಟಿನಿಂದ ಕೈ ತೆಗೆದಳು. ಆಮೇಲೆ ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು. ಸಾಂತಾನ್ ಬಾಯಿ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

ಅವನು ಹೇಳಿದಂತೆ ಕಷ್ಟವೂ ಬಂತು. ಪರವಾನಗಿ ಇಲ್ಲದ ಅಂಗಡಿಯೆಂದು ಪಂಚಾಯತಿಯವರು ಅವಳ ಹೊಲಿಗೆ ಕೋಣೆಗೆ ಬೀಗ ಹಾಕಿದರು. ಅವಳು ಯಂತ್ರವನ್ನು ಅಡುಗೆಮನೆಗೆ ಎಳೆದುಕೊಂಡಳು. ನಲ್ಲಿಯಲ್ಲಿ ನೀರು ನಿಂತಿತು, ಪಕ್ಕದ ಮನೆಯವರು ಬಾವಿ ಬಿಟ್ಟುಕೊಟ್ಟರು. ಗೌನುಗಳು ಮೊದಲಿಗಿಂತ ಹೆಚ್ಚೇ ಬಂದವು.

ಮುಂದಿನ ಚುನಾವಣೆಯಲ್ಲಿ ಬೊನಿಫಾಸನನ್ನು ನಾವು ಸೋಲಿಸಿದೆವು. ಠೇವಣಿಯೂ ಉಳಿಯಲಿಲ್ಲ. ಗೆದ್ದವನು ರುಜಾರ್ ಅಜಾವೆದ್, ಫುಟ್‌ಬಾಲ್ ಕೋಚು, ಬಾಯಿ ತೆರೆದರೆ ಪ್ರಾಮಾಣಿಕತೆ. ಪೆರ್ಪೆತ್ ಯಾರ ಮನೆಗೂ ಹೋಗಲಿಲ್ಲ. ರುಜಾರ್ ವೋಟು ಕೇಳಲು ಅವಳ ಮನೆಗೆ ಬಂದಾಗ ಕೂರು ಅನ್ನಲಿಲ್ಲ. ನಮ್ಮ ಬ್ಯಾಂಡು ಮಾತ್ರ ಮತ್ತೆ ಬೀದಿಗಿಳಿಯಿತು. ಅವನ ಕೊರಳಿನ ಹೂ ಬಾಡುವ ಮುಂಚೆಯೇ ರುಜಾರ್ ಅದೇ ಬಣ್ಣದ ಶಾಲು ಹೊದ್ದ. ಬೊನಿಫಾಸನಾದರೂ ಚೌತಿಯವರೆಗೆ ಕಾದಿದ್ದ.

ಆ ಭಾನುವಾರ ಪೂಜೆ ಮುಗಿಸಿ ನಾವು ಹತ್ತಿಪ್ಪತ್ತು ಜನ ಪೆರ್ಪೆತ್‌ಳ ಮನೆಗೆ ಹೋದೆವು. ಸಾಂತಾನ್ ಬಾಯಿಯೇ ಮಾತು ತೆಗೆದಳು: "ಮುಂದಿನ ಸಲ ನೀನೇ ನಿಲ್ಲೇ."

"ಯಾಕೆ, ಊರಲ್ಲಿ ಇನ್ನೊಬ್ಳು ಕೆಟ್ಟಿದ್ದು ನೋಡ್ಬೇಕಾ?" ಪೆರ್ಪೆತ್ ಯಂತ್ರ ನಿಲ್ಲಿಸಲಿಲ್ಲ. "ಅವ್ರನ್ನ ಕಳ್ರು ಅಂತೀರಿ. ಮದುವೆಗೆ ಕರ್ದು ಮುಂದಿನ ಕುರ್ಚೀಲಿ ಕೂರ್ಸೋರು ಯಾರು? ಸತ್ತೋರ ಪೆಟ್ಟಿಗೆಗೆ ಅವ್ರ ಹೆಗಲೇ ಬೇಕು ಅಂತ ಕಾಯೋರು ಯಾರು? ನಿನ್ನ ಮೊಮ್ಮಗಳ ನಾಮಕರಣಕ್ಕೆ ಬೊನಿಫಾಸ್ ಬರ್ಲಿ ಅಂತ ಕೇಕ್ ಕರಗೋವರ್ಗೆ ಕಾದಿದ್ದಿ ನೀನು, ಸಾಂತಾನ್. ಮೊದ್ಲು ಅದು ಬಿಡಿ. ಆಮೇಲೆ ನನ್ನ ಹತ್ರ ಬನ್ನಿ."

ಆ ಹೊತ್ತು ಅಲ್ಲಿ ಯಾರೂ ಪ್ರಮಾಣ ಮಾಡಲಿಲ್ಲ, ಠರಾವು ಬರೆಯಲಿಲ್ಲ. ಅವಳ ಮೇಲೆ ಸ್ವಲ್ಪ ಸಿಟ್ಟು ಮಾಡಿಕೊಂಡೇ ಮನೆಗೆ ಹೋದೆವು.

ಗದ್ದೆ ವಾಪಸು ಬರಲಿಲ್ಲ. ಹೊಟೇಲಿನ ಮೂರು ಅಂತಸ್ತು ಎದ್ದಿದೆ, ಅದರ ಹಿತ್ತಿಲ ನೀರು ಇಳಿಯಲು ಜಾಗವಿಲ್ಲದೆ ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಬರುತ್ತದೆ. ಒಂದೇ ಒಂದು ಬದಲಾವಣೆ ಆಯಿತು. ಹೋದ ಜನವರಿಯಲ್ಲಿ ತರಕಾರಿ ಮಾರುವ ಇನಾಸನ ಮಗಳ ಮದುವೆ. ಇನಾಸ್ ಕರೆದಿರಲಿಲ್ಲ, ಆದರೂ ರುಜಾರ್ ಬಂದ. ಮದುಮಕ್ಕಳು ಸಭಾಂಗಣಕ್ಕೆ ಕಾಲಿಡುವ ಹೊತ್ತಿಗೆ ಸರಿಯಾಗಿ ಅವರ ಪಕ್ಕ ಬಂದು ನಿಂತು, ಕೈ ಮುಗಿದು, ಮೆರವಣಿಗೆ ಶುರುವಾಗಲೆಂದು ನಮ್ಮ ಕಡೆ ನೋಡಿದ.

ನಮ್ಮ ಟ್ರಂಪೆಟಿನವನು ತುತ್ತೂರಿಯನ್ನು ತುಟಿಯಿಂದ ಇಳಿಸಿದ. ಅವನನ್ನು ನೋಡಿ ನಾನೂ ಇಳಿಸಿದೆ. ಡೋಲಿನವನು ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಮೊದಲೇ ಮಾತಾಡಿಕೊಂಡಿರಲಿಲ್ಲ.

"ಏನಾಯ್ತ್ರೋ? ನುಡಿಸಿ!" ಇನಾಸ್ ಬೆವರುತ್ತಾ ಓಡಿಬಂದ.

"ನುಡಿಸ್ತೀವಿ. ಅವ್ರು ಹೋಗ್ಲಿ."

"ನನ್ನ ಮಗಳ ಮದುವೆ ಕಣೋ ಜುಜೆ, ಕಾಲಿಗೆ ಬೀಳ್ತೀನಿ."

ಆದರೂ ನುಡಿಸಲಿಲ್ಲ. ಸಭಾಂಗಣದಲ್ಲಿ ಅಡುಗೆಯವರ ಸೌಟಿನ ಸದ್ದು ಬಿಟ್ಟರೆ ಏನೂ ಇಲ್ಲ. ರುಜಾರ್ ನಗುತ್ತಲೇ ಇದ್ದ, ಗಡಿಯಾರ ನೋಡಿಕೊಂಡ, ಮದುಮಗನ ಕೈ ಕುಲುಕಿದ, ಫೋನು ಬಂದವನಂತೆ ಕಿವಿಗೆ ಹಿಡಿದು ಹೊರಗೆ ನಡೆದ. ಯಾರೂ ಬಾಗಿಲವರೆಗೆ ಹೋಗಿ ಕಳಿಸಿಕೊಡಲಿಲ್ಲ.

ಮದುಮಗಳು ಗೌನು ಎತ್ತಿಹಿಡಿದು ನಮ್ಮ ಕಡೆ ತಿರುಗಿ, "ಈಗ ಊದ್ತೀರೋ, ಇಲ್ಲ ನಾನೇ ಬಂದು ಊದ್ಲೋ?" ಅಂದಳು. ನನ್ನ ಕ್ಲಾರಿನೆಟಿನಿಂದ ಬಂದ ಮೊದಲ ಸ್ವರ ತಪ್ಪಿತು, ಎರಡನೆಯದು ಸರಿಯಾಗಿ ಬಂತು.