ಬಿಟ್ಟುಹೋದ ಮೈನಸ್

ಸಂಜೆ ಕಾಲೇಜಿನಲ್ಲಿ ಓದಿದ ಟೈಪಿಸ್ಟ್ ನಾನು. ವಿಜ್ಞಾನಿಯೊಬ್ಬರ ಕಥೆ ಹೇಳುವ ಧೈರ್ಯಕ್ಕೆ ಕ್ಷಮೆಯಿರಲಿ.

ಶೀಳನೆರೆಯ ಚಲುವಯ್ಯ ಮೇಷ್ಟ್ರು ಬರೀ ಲೆಕ್ಕದಿಂದಲೇ ರಸಾಯನಶಾಸ್ತ್ರ ಮಾಡುವವರು. ಅವರು ಬರೆದುಕೊಟ್ಟ ಸೂತ್ರಗಳನ್ನು ನಾನು ಕಂಪ್ಯೂಟರಿಗೆ ಹಾಕುತ್ತಿದ್ದೆ. ೧೯೯೬ರಲ್ಲಿ, ಅವರ ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಇನ್ನೊಂದು ವಾರವಿರುವಾಗ, ಅವರ ವಿದ್ಯಾರ್ಥಿನಿ ರಂಜಿತ ಅಚ್ಚಾಗಿದ್ದ ಅವರ ಲೇಖನದ ಸೂತ್ರವೊಂದರಲ್ಲಿ ಮೈನಸ್ ಬಿಟ್ಟುಹೋದದ್ದನ್ನು ಕಂಡುಹಿಡಿದಳು. ಇಡೀ ಲೇಖನವೇ ತಪ್ಪಾಯಿತು.

ಆ ಸೂತ್ರ ಬರೆದಿದ್ದ ಮೇಷ್ಟ್ರ ಕೈಬರಹದ ಹಾಳೆ ನನ್ನ ಬಳಿ ಇತ್ತು; ತಪ್ಪು ಯಾರದೆಂದು ಅದನ್ನು ನೋಡಿದರೆ ತಿಳಿಯುತ್ತಿತ್ತು. ನೋಡಲು ಧೈರ್ಯ ಸಾಲದೆ, ಮಡಚಿದಂತೆಯೇ ಮರುದಿನ ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ನಿನಲ್ಲಿ ಅವರ ಕೈಗೆ ಕೊಟ್ಟೆ. ಅವರೂ ಬಿಡಿಸದೆ ಹರಿದುಹಾಕಿದರು.

“ನಮ್ ಗುಂಪಿಗೆ ಯಜಮಾನ ಯಾರ್ಲಾ? ತಪ್ಪು ನಂದು ಅಂತ ಪತ್ರಿಕೆಗೆ ಕಾಗ್ದ ಟೈಪ್ ಮಾಡು.”

“ಇಂಟರ್‌ವ್ಯೂ ಮುಗೀಲಿ ಸಾರ್...”

“ಪ್ರೊಫೆಸರ್‌ಗಿರಿ ವೋದ್ರೆ ವೋಗ್ಲಿ ಬುಡ್ಲಾ. ಇದ್ರಲ್ಲಾದ್ರೂ ಏನೂ ನುಂಗ್ಬುಡಬೇಡ!”

ಆ ಹುದ್ದೆ ಅವರಿಗೆ ಸಿಗಲಿಲ್ಲ. ಮೈನಸ್ ಬಿಟ್ಟದ್ದು ಅವರ ಪೆನ್ನೋ ನನ್ನ ಬೆರಳೋ, ನನಗೆ ಗೊತ್ತಿಲ್ಲ.