ಡೊರು-ಸಾನ್ ಎಂಬ ಯಜಮಾನ

ಜಪಾನಿಗೆ ಬಂದ ಮೇಲೆ ನಾನು ಕಳೆದುಕೊಂಡದ್ದು ಒಂದೇ ಒಂದು, ನನ್ನ ಹೆಸರು. ಪಾಸ್‌ಪೋರ್ಟ್ ಕಳೆದರೆ ಓಡಿ ಹೋಗಿ ಕೇಳಲು ಒಂದು ಆಫೀಸು ಇದೆ. ಹೆಸರು ಕಳೆದವನು ಯಾರ ಬಾಗಿಲು ಬಡಿಯಬೇಕೆಂದು ಇಷ್ಟು ಶಿಸ್ತಿನ ದೇಶದಲ್ಲೂ ಯಾರೂ ಬೋರ್ಡು ಹಾಕಿಲ್ಲ.

ನಾನು ದುರಗೇಶ, ತಾವರಗೇರಾದವನು. ಎರಡು ಹೆಣ್ಣಿನ ಮೇಲೆ ಒಂದು ಗಂಡಾಗಲಿ ಎಂದು ನಮ್ಮವ್ವ ಹುಲಿಗವ್ವ ಊರ ದೇವಿ ದುರಗಮ್ಮನಿಗೆ ಬೇಡಿಕೊಂಡು, ನಾನು ಹುಟ್ಟಿದ ಮೇಲೆ ದೇವಿಯ ಋಣ ಮರೆಯಬಾರದೆಂದು ಇಟ್ಟ ಹೆಸರು. ಇಲ್ಲಿ ನಗೋಯಾದ ಹತ್ತಿರದ ಊರೊಂದರಲ್ಲಿ ಊಟದ ಡಬ್ಬಿ ತುಂಬುವ ಫ್ಯಾಕ್ಟರಿಗೆ ಸೇರಿದ ದಿನ ನಮ್ಮ ಸೂಪರ್‌ವೈಸರು ಆ ಹೆಸರನ್ನು ಹೇಳಲು ಬಹಳ ಒದ್ದಾಡಿದ. ಡು-ರು-ಗೆ-ಶು ಎಂದ, ಬೆವರು ಒರೆಸಿಕೊಂಡ, ಕ್ಷಮೆ ಕೇಳಿದ, ಕೊನೆಗೆ ಎದೆಯ ಮೇಲಿನ ಬಿಲ್ಲೆಗೆ ಹಿಡಿಸುವಷ್ಟು ಕತ್ತರಿಸಿ 'ಡೊರು-ಸಾನ್' ಎಂದು ಬರೆದ. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಮರ್ಯಾದೆ ಪೂರ್ತಿ ಕೊಟ್ಟರು, ಹೆಸರು ಅರ್ಧ ಕೊಟ್ಟರು.

ಜಪಾನಿ ಭಾಷೆಯಲ್ಲಿ 'ಡೊರು' ಎಂದರೆ ಡಾಲರು. ಇದನ್ನು ನಾನು ನಗೆಚಾಟಿಕೆಗೆಂದು ಅವ್ವನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ನಮ್ಮವ್ವ ಫೋನನ್ನು ಕಿವಿಗೆ ಹಿಡಿದು ಮಾತಾಡುವವಳಲ್ಲ, ಸ್ಪೀಕರ್ ಹಾಕಿ ಓಣಿಗೆ ಮಾತಾಡುವವಳು. ಸಂಜೆಯೊಳಗೆ ತಾವರಗೇರಾದಿಂದ ಕುಷ್ಟಗಿಯ ಬಸ್‌ಸ್ಟ್ಯಾಂಡಿನವರೆಗೆ, ದುರಗೇಶನ ಗಳಿಕೆ ನೋಡಿ ಜಪಾನಿನವರೇ ಅವನನ್ನು ಡಾಲರ್ ಎಂದು ಕರೆಯುತ್ತಾರಂತೆ ಎಂದು ಸುದ್ದಿ ಹಬ್ಬಿತು. ಅಂದಿನಿಂದ ಅವ್ವನೂ ನನ್ನ ಹೆಸರು ಬಿಟ್ಟಳು. ಫೋನ್ ಎತ್ತಿದ ಕೂಡಲೇ 'ಏನಪಾ ಡಾಲರಪ್ಪ, ಉಂಡಿ?' ಎನ್ನುತ್ತಾಳೆ. ಡಾಲರಪ್ಪ ಇಲ್ಲಿ ಕರಿದ ಮೀನಿನ ತುಂಡಿನ ಪಕ್ಕ ಉಪ್ಪಿನಕಾಯಿ ಇಡುತ್ತಾನೆ ಎಂದು ಹೇಳಲು ನನಗೂ ಬಾಯಿ ಬಂದಿಲ್ಲ.

ಊರಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯೂ ಇದೆ. ದುರಗೇಶ ಹೆಂಡತಿಯನ್ನು ಜಪಾನಿಗೆ ಕರೆದುಕೊಂಡು ಹೋಗಿದ್ದಾನೆ ಎಂದು ಅವರು ತಿಳಿದಿದ್ದಾರೆ. ನಿಜವಾಗಿ ಕರೆದುಕೊಂಡು ಬಂದವಳು ಅವಳು. ಶ್ವೇತಾ ಕುಕನೂರಿನವಳು, ಕೊಪ್ಪಳದಲ್ಲಿ ನರ್ಸಿಂಗ್ ಓದಿದವಳು. ಇಲ್ಲಿ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಕಾಗೆ-ಗುಬ್ಬಿಯ ಕಾಲಿನಂತೆ ಕಾಣುವ ಅವರ ಲಿಪಿಯಲ್ಲೇ ಸರ್ಕಾರಿ ಪರೀಕ್ಷೆ ಬರೆದು ಪಾಸಾದಳು. ಆಮೇಲೆ ನನ್ನನ್ನು ಕರೆಸಿಕೊಂಡಳು. ಸರ್ಕಾರದ ಲೆಕ್ಕದಲ್ಲಿ ನಾನು ಅವಳನ್ನು ಅವಲಂಬಿಸಿದ ಕುಟುಂಬ. ಅವಳು ಮಾತ್ರ ಕೆಲಸದ ಮನೆಯಲ್ಲಿ ನನ್ನನ್ನು 'ಶುಜಿನ್' ಎನ್ನುತ್ತಾಳೆ. ಶುಜಿನ್ ಎಂದರೆ ಯಜಮಾನ. ಅಕ್ಷರಕ್ಕೆ ಅಕ್ಷರ ಅದೇ ಅರ್ಥ. ಸಾವಿರಾರು ಮೈಲಿ ದಾಟಿ ಬಂದರೂ ಗಂಡನ ಹೆಸರು ತಪ್ಪಿಸಿಕೊಳ್ಳಲು ಹೆಂಗಸರಿಗೆ ಇಂಥ ಅನುಕೂಲ ಸಿಕ್ಕಿದ್ದು ನನ್ನ ಹಣೆಬರಹ.

ಯಾಕೆಂದರೆ ಶ್ವೇತಾ ನನ್ನ ಹೆಸರು ಹಿಡಿಯುವುದಿಲ್ಲ. ಮದುವೆಯ ದಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳಿದರೇನೇ ಒಳಗೆ ಬಿಡುವುದು ಎಂದಾಗ ಅವಳು ಏನೋ ಹೇಳಿದ್ದಳು. ನನಗೆ ಡಿಜೆ ಸದ್ದಿನಲ್ಲಿ ಕೇಳಿಸಲಿಲ್ಲ. ಮದುವೆ ವಿಡಿಯೋದಲ್ಲಾದರೂ ಕೇಳೋಣವೆಂದರೆ ವಿಡಿಯೋದವನು ಸರಿಯಾಗಿ ಅದೇ ಜಾಗಕ್ಕೆ ಸಿನಿಮಾ ಹಾಡು ಕೂಡಿಸಿದ್ದಾನೆ. ಅಂದಿನಿಂದ ನಾನು 'ರೀ', ಸಿಟ್ಟು ಬಂದಾಗ 'ನೋಡ್ರಿ ಮತ್ತ'.

ಈ ದೇಶದಲ್ಲಿ ಡಿಸೆಂಬರ್ ಬಂತೆಂದರೆ ಕ್ರಿಸ್ತನೊಬ್ಬನನ್ನು ಬಿಟ್ಟು ಕ್ರಿಸ್ಮಸ್ಸಿನದೆಲ್ಲವೂ ಬರುತ್ತದೆ. ಚರ್ಚು ಹುಡುಕಿದರೆ ಸಿಗುವುದಿಲ್ಲ, ಗಿಡಕ್ಕೊಂದು ದೀಪದ ಸರ ಇರುತ್ತದೆ. ಹಬ್ಬದ ಹಿಂದಿನ ಸಂಜೆ ಕರಿದ ಕೋಳಿ ತಿನ್ನಬೇಕು, ಸ್ಟ್ರಾಬೆರಿ ಇಟ್ಟ ಬಿಳಿ ಕೇಕ್ ಕತ್ತರಿಸಬೇಕು, ಗಂಡು-ಹೆಣ್ಣು ಕೈ ಹಿಡಿದು ದೀಪ ನೋಡುತ್ತ ತಿರುಗಬೇಕು. ಇಷ್ಟೇ ಇವರ ಶಾಸ್ತ್ರ. ಕೋಳಿಯನ್ನು ವಾರಗಟ್ಟಲೆ ಮೊದಲೇ ಹೇಳಿಡಬೇಕು. ಖಾರವೇ ಇಲ್ಲದ ಆ ಕೋಳಿಗೆ ನಿಲ್ಲುವ ಸಾಲು ನೋಡಿದರೆ ನಮ್ಮ ಕಡೆ ರೇಷನ್ ಅಂಗಡಿಯ ಸಾಲೂ ನಾಚಬೇಕು.

ನಾವೂ ಒಂದು ಜೋಡಿಯೇ. ಆದರೆ ನಮ್ಮಿಬ್ಬರ ಭೇಟಿ ಹೆಚ್ಚಾಗಿ ಬಾಗಿಲಲ್ಲಿ. ಅವಳು ದಣಿದು ಒಳಗೆ ಬರುವಾಗ ನಾನು ಟೋಪಿ ಹಾಕಿಕೊಂಡು ಹೊರಗೆ ಹೋಗುತ್ತಿರುತ್ತೇನೆ. ಕುಕ್ಕರಿನಲ್ಲಿ ಅನ್ನ ಇದೆ, ಪ್ಲಾಸ್ಟಿಕ್ ಕಸ ಇವತ್ತಲ್ಲ ನಾಳೆ, ಒಗೆದ ಬಟ್ಟೆ ಇನ್ನೂ ಹಸಿ ಇದೆ. ದಾಂಪತ್ಯದ ಮಾತುಕತೆ ಇಷ್ಟಕ್ಕೇ ಮುಗಿಯುತ್ತದೆ. ರಜೆಯ ದಿನ ಅವಳು ಊರಿನಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಮೊದಲ ಸಲ ಆ ಸದ್ದು ಕೇಳಿ ಕೆಳಗಿನ ಮನೆಯವರು, ಎಲ್ಲ ಕ್ಷೇಮವೇ ಎಂದು ವಿಚಾರಿಸಲು ಬಂದಿದ್ದರು. ಗಂಡ ಹೆಂಡತಿಯನ್ನು ಹೊಡೆಯುತ್ತಿದ್ದಾನೆಂದು ತಿಳಿದಿರಬೇಕು. ಅರ್ಧ ರೊಟ್ಟಿ, ಖಾರದ ಶೇಂಗಾ ಹಿಂಡಿ ಕೊಟ್ಟು ಕಳಿಸಿದೆವು. ಆಮೇಲೆ ಅವರು ವಿಚಾರಿಸಲು ಬರಲಿಲ್ಲ.

ಈ ವರ್ಷ ಕ್ರಿಸ್ಮಸ್ಸಿನ ಹಿಂದಿನ ದಿನ ಇಬ್ಬರಿಗೂ ಸಂಜೆ ಬಿಡುವು ಸಿಕ್ಕಿತು. ವಾರ ಮೊದಲೇ, ಹಬ್ಬಕ್ಕೆ ಏನು ಬೇಕು ನಿಮಗೆ, ಎಂದು ಶ್ವೇತಾ ಕೇಳಿದಳು. ಇಲ್ಲಿಯವರು ಹಾಗೆ ಕೇಳುತ್ತಾರೆಂದು ಕಲಿತಿದ್ದಳು. ನಾನೂ ಬಹಳ ದಿನದಿಂದ ನುಂಗಿಕೊಂಡದ್ದನ್ನು ಹೇಳಿಯೇಬಿಟ್ಟೆ.

"ಕೇಕು ಬ್ಯಾಡ, ಕೋಳಿ ಬ್ಯಾಡ. ಒಮ್ಮೆ ನನ್ನ ಹೆಸರು ಹಿಡದು ಕರಿ."

ಅವಳು ನಕ್ಕಳು. ನಾನು ನಗುತ್ತಿಲ್ಲವೆಂದು ಕಂಡ ಮೇಲೆ ನಿಲ್ಲಿಸಿದಳು. ಗಂಡನ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರವ್ವ ಹೇಳಿದ್ದಾಳಂತೆ. ಇನ್ಸುಲಿನ್ ಚುಚ್ಚುವ ಕೈ, ಬಿಪಿ ನೋಡುವ ಕೈ, ಪರೀಕ್ಷೆ ಪಾಸಾದ ತಲೆ, ಆ ತಲೆಯೊಳಗೆ ಈ ಮಾತು. ನೀನು ದಿನವೂ ತೊಂಬತ್ತು ದಾಟಿದ ಮುದುಕರ ನಡುವೆಯೇ ಇರುತ್ತೀಯಲ್ಲ, ಅವರ ಹೆಂಡಿರು ಯಾರೂ ಹೆಸರು ಕರೆದಿಲ್ಲವೇನು ಎಂದು ಕೇಳಿದೆ.

"ಅದಕ್ಕ ನೋಡ್ರಿ," ಎಂದಳು ಶ್ವೇತಾ. "ಅವರ ಹೆಂಡ್ರು ಶುಜಿನ್ ಅಂದ್ರು. ಹಂಗಾಗಿ ತೊಂಬತ್ತು ದಾಟ್ಯಾರ."

ನನಗೆ ನಿಜವಾಗಿಯೂ ನೋವಾಯಿತು. ಫ್ಯಾಕ್ಟರಿಗೆ ಡೊರು, ಅವ್ವನಿಗೆ ಡಾಲರಪ್ಪ, ಹೆಂಡತಿಗೆ ರೀ. ದುರಗೇಶ ಎಂಬುವವನು ಇದ್ದಾನೆ ಎಂದು ಇಡೀ ಜಗತ್ತಿನಲ್ಲಿ ಯಾರಾದರೂ ಒಬ್ಬರು ಒಪ್ಪಿಕೊಳ್ಳಬೇಕಲ್ಲ.

ಅಷ್ಟರಲ್ಲಿ ದಾರಿಯೊಂದು ಕಂಡಿತು. ಹಬ್ಬದ ಹಿಂದಿನ ದಿನವೇ ಮಧ್ಯಾಹ್ನ ಶ್ವೇತಾಳ ವೃದ್ಧರ ಮನೆಯಲ್ಲಿ ಕ್ರಿಸ್ಮಸ್ ಪಾರ್ಟಿ ಇತ್ತು. ಕೆಲಸದವರು ತಮ್ಮ ಮನೆಯವರನ್ನು ಕರೆತಂದು ಎಲ್ಲರ ಮುಂದೆ ಪರಿಚಯ ಮಾಡಿಕೊಡಬೇಕು ಎಂದು ಮ್ಯಾನೇಜರ್ ಹೇಳಿದ್ದ. ಮೈಕಿನಲ್ಲಿ, ಸಭೆಯ ಮುಂದೆ, ಹೆಸರು ಹೇಳದೆ ಪರಿಚಯ ಮಾಡುವುದು ಹೇಗೆ? ನಾನು ಒಳಗೊಳಗೇ ಗೆದ್ದೆ. ಸಾಂತಾಕ್ಲಾಸ್ ವೇಷ ಹಾಕುತ್ತೀರಾ, ನಿಮ್ಮ ದನಿ ದೊಡ್ಡದಿದೆ, ಎಂದು ಮ್ಯಾನೇಜರ್ ಶ್ವೇತಾಳ ಕೈಲಿ ಕೇಳಿಸಿದಾಗ ಅದಕ್ಕೂ ಹೂಂ ಅಂದೆ. ಹೀಗೆ ದುರಗಮ್ಮನ ಹರಕೆಯ ಮಗ ಹತ್ತಿಯ ಗಡ್ಡ ಕಟ್ಟಿಕೊಂಡು, ಕೆಂಪು ನಿಲುವಂಗಿ ತೊಟ್ಟು, ಬುದ್ಧನಿಗೆ ಕೈಮುಗಿಯುವ ಮುದುಕರಿಗೆ ಏಸುವಿನ ಹೆಸರಲ್ಲಿ ಉಣ್ಣೆಯ ಕಾಲುಚೀಲ ಹಂಚಲು ನಿಂತ. ದುರಗಮ್ಮ, ಬುದ್ಧ, ಏಸು, ಮೂವರಲ್ಲಿ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ.

ಶ್ವೇತಾಳ ಸರದಿ ಬಂತು. ಮೈಕು ಹಿಡಿದಳು, ನನ್ನ ಕಡೆ ನೋಡಿದಳು, ತಲೆ ಬಾಗಿಸಿದಳು. "ಶುಜಿನ್ ದೆಸು," ಎಂದಳು. ಇವರು ಯಜಮಾನರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಭಾಷೆಯಲ್ಲಿ ಅದಕ್ಕಿಂತ ಹೆಚ್ಚಿಗೆ ಹೇಳುವ ಅಗತ್ಯವೇ ಇಲ್ಲವಂತೆ.

ಆದರೆ ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯ ಮೇಲೆ ಕಿಮುರಾ ಎಂಬ ಅಜ್ಜಿ ಕೂತಿದ್ದಳು. ಎಲ್ಲ ಊರಿನಲ್ಲೂ ಇಂಥ ಅಜ್ಜಿ ಒಬ್ಬಳು ಇರುತ್ತಾಳೆ. ಯಜಮಾನರು ಸರಿ, ಹೆಸರೇನು, ಎಂದು ಕೇಳಿದಳು. ನನಗೆ ಆ ಅಜ್ಜಿಯ ಕಾಲಿಗೆ ಬೀಳಬೇಕೆನಿಸಿತು. ಶ್ವೇತಾ ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು. ಆಮೇಲೆ ಸಣ್ಣ ದನಿಯಲ್ಲಿ, "ಡೊರು-ಸಾನ್," ಎಂದಳು.

ಡಾಲರೇ, ಎಂದು ಅಜ್ಜಿ ನಕ್ಕಳು. ಸಭೆಯೆಲ್ಲ ನಕ್ಕಿತು. ನಾನು ಗಡ್ಡದೊಳಗೆ ನಗಲಿಲ್ಲ, ಅದು ಯಾರಿಗೂ ಕಾಣಲಿಲ್ಲ. ಬೇರೆಯವರು ಕರೆದರೆ ಅದು ಅವರ ನಾಲಿಗೆಯ ಕಷ್ಟ ಎಂದುಕೊಳ್ಳುತ್ತಿದ್ದೆ. ದುರಗೇಶ ಎಂದು ತಪ್ಪಿಲ್ಲದೆ ಹೇಳಬಲ್ಲ ಒಂದೇ ಬಾಯಿ ಆ ಊರಿನಲ್ಲಿತ್ತು, ಅದೂ ಡೊರು ಎಂದಿತು.

ಪಾರ್ಟಿ ಮುಗಿದ ಮೇಲೆ ನಾನು ವೇಷವನ್ನೂ ಬಿಚ್ಚಲಿಲ್ಲ. ಹೊರಗೆ ಚಳಿ ಕೊರೆಯುತ್ತಿತ್ತು, ಮ್ಯಾನೇಜರ್ ನಾಳೆ ಕೊಟ್ಟರಾಯಿತು ಎಂದಿದ್ದ, ನನಗೂ ಯಾರ ಜೊತೆ ಮಾತು ಬೇಕಿರಲಿಲ್ಲ. ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಮುಂದೆ ಮುಂದೆ ನಡೆದೆ. ಶ್ವೇತಾ ಹಿಂದೆ ಬರುತ್ತಿದ್ದಳು. ರೀ, ನಿಲ್ಲರಿ, ಎಂದದ್ದು ಕೇಳಿಸಿತು. ನಿಲ್ಲಲಿಲ್ಲ. ಸ್ಟೇಷನ್ನಿನಲ್ಲಿ ಅವಳು ಮೊದಲೇ ಹೇಳಿಟ್ಟಿದ್ದ ಕೇಕ್ ತೆಗೆದುಕೊಳ್ಳಲು ಅಂಗಡಿಯ ಮುಂದೆ ನಿಂತಳು. ನಾನು ಮೆಟ್ಟಿಲಿಳಿದು ಪ್ಲಾಟ್‌ಫಾರ್ಮಿಗೆ ಹೋದೆ.

ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೈ ಹಿಡಿದ ಜೋಡಿಗಳು, ಕೇಕಿನ ಡಬ್ಬಿಗಳು, ಅಂಗಡಿಗಳ ಕೆಲಸ ಮುಗಿಸಿ ನನ್ನಂತೆಯೇ ಕೆಂಪು ವೇಷದಲ್ಲಿ ಮನೆಗೆ ಹೊರಟ ಇನ್ನೂ ನಾಲ್ಕಾರು ಸಾಂತಾಗಳು. ಗಾಡಿಯೊಂದು ಬಂದು ನಿಂತಿತು. ಸಿಟ್ಟಿನಲ್ಲಿ ಬೋರ್ಡು ನೋಡದೆ ಸಾಲಿನಲ್ಲಿ ಸೇರಿಕೊಂಡೆ.

ಆಗ ಹಿಂದಿನಿಂದ ಯಾರೋ ಹೆಂಗಸು ಕೂಗಿದಳು, "ದುರಗೇಶ." ದನಿ ಗಟ್ಟಿಯಾಗಿತ್ತು, ಗದ್ದಲದಲ್ಲೂ ಅಕ್ಷರ ಅಕ್ಷರ ಬಿಡಿಸಿದಂತೆ ಕೇಳಿಸಿತು. ಮತ್ತೊಮ್ಮೆ, "ದುರಗೇಶ." ಇಲ್ಲಿ ಯಾವನೋ ನಮ್ಮ ಕಡೆಯವನು ಇದ್ದಾನಲ್ಲ ಎಂದು ನನಗೆ ಆಶ್ಚರ್ಯವಾಯಿತು. ಗಂಗಾವತಿಯವನೋ ಯಲಬುರ್ಗಾದವನೋ ಇರಬೇಕು, ಪುಣ್ಯವಂತ, ಅವನನ್ನು ಹೆಸರು ಹಿಡಿದು ಕರೆಯುವವರು ಇದ್ದಾರೆ ಎಂದುಕೊಂಡೆ. ಹೊಟ್ಟೆ ಉರಿಯಿತು. ಆ ದುರಗೇಶ ಹೇಗಿದ್ದಾನೆಂದು ಎದುರಿನ ಜನರ ಮುಖಗಳನ್ನು ನೋಡುತ್ತಲೇ ಒಂದು ಕಾಲನ್ನು ಗಾಡಿಯೊಳಗೆ ಇಟ್ಟೆ.

"ಡೊರು-ಸಾನ್!"

ಥಟ್ಟನೆ ತಿರುಗಿದೆ. ಶ್ವೇತಾ ಮೆಟ್ಟಿಲ ಮೇಲೆ ಕೇಕ್ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಇಳಿಯಿರಿ ಎಂದು ಕೈ ಬೀಸುತ್ತಿದ್ದಳು. ನಾನು ಇಳಿದೆ, ಬಾಗಿಲು ಮುಚ್ಚಿತು, ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಗಾಡಿ ಹೊರಟು ಹೋಯಿತು.

ಅವಳು ಹತ್ತಿರ ಬಂದಾಗ ಕಣ್ಣಲ್ಲಿ ನೀರಿತ್ತು. "ಎರಡು ಸಲ ಕರದೆ," ಎಂದಳು. "ರೀ ಅಂದ್ರ ನೀವು ನಿಲ್ಲೂದಿಲ್ಲ ಅಂತ ಗೊತ್ತಿತ್ತು. ದುರಗಮ್ಮನಿಗೆ ತಪ್ಪು ಕಾಣಿಕಿ ಕೊಡ್ತೀನಿ ಅಂತ ಬೇಡಿಕೊಂಡು ಕರದೆ."

ಇನ್ಯಾರೋ ಎಂದು ತಿಳಿದೆ ಎಂದು ಹೇಳುವುದು ಹೇಗೆ? ಆದರೂ ಹೇಳಿದೆ. ಶ್ವೇತಾ ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಕೈಯೆತ್ತಿ ನನ್ನ ಗಡ್ಡವನ್ನು ಕೆಳಗೆಳೆದು ಮುಖ ನೋಡಿದಳು. ಇನ್ನೊಮ್ಮೆ ಕರಿ, ಈ ಸಲ ತಪ್ಪಿಸುವುದಿಲ್ಲ ಎಂದು ನಾನು ಅಕ್ಷರಶಃ ಬೇಡಿಕೊಂಡೆ.

"ನಾ ಕರದಾಗ ಆ ಹೆಸರಿನವರು ಬರಲಿಲ್ರಿ," ಎಂದಳು ಅವಳು. "ಬಂದವರು ನೀವು."